ನೀರು ಬಂದ ಊರು, ನೀರು ಬಾರದ ಊರು

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಬಹುಭಾಗವು ಹಿಂದೆ ಮಳೆಯನ್ನೂ ಕೆರೆಗಳನ್ನೂ ನೆಚ್ಚಿದ ರಾಗಿಯ ನಾಡಾಗಿದ್ದಿತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕೆಲಸ ಮುಗಿದು, 1930ರ ದಶಕದಲ್ಲಿ ಇರ್ವಿನ್ ನಾಲೆಯ ಮೂಲಕ ಕಾವೇರಿಯ ನೀರು ಇಲ್ಲಿಗೆ ಹರಿಯಿತು. ಅದೇ ಇಂದಿನ ವಿಶ್ವೇಶ್ವರಯ್ಯ ನಾಲೆ. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ಎಷ್ಟು ಎಕರೆ ತರಿಯಾಯಿತು, ಎಷ್ಟು ಕಬ್ಬು ಬೆಳೆಯಿತು ಎಂಬ ಲೆಕ್ಕವು ಕಚೇರಿಗಳಲ್ಲಿ ದೊರೆಯುವಂಥದು. ಆ ನೀರು ಮನುಷ್ಯ ಮನುಷ್ಯರ ನಡುವಣ ಸಂಬಂಧವನ್ನು ಏನು ಮಾಡಿತೆಂಬುದನ್ನು ತಿಳಿಯಲು ಮಾತ್ರ ಹಳ್ಳಿಯಲ್ಲಿಯೇ ನೆಲಸಬೇಕಾಗಿದ್ದಿತು.

ಹಾಗೆ ನೆಲಸಿದವರು ಸ್ಕಾರ್ಲೆಟ್ ಎಪ್‌ಸ್ಟೈನ್. 1922ರಲ್ಲಿ ವಿಯೆನ್ನಾ ನಗರದ ಯೆಹೂದ್ಯ ಕುಟುಂಬವೊಂದರಲ್ಲಿ ಜನಿಸಿ, ನಾಜಿಗಳ ಹಿಂಸೆಯಿಂದ ದೇಶಬಿಟ್ಟು ಇಂಗ್ಲೆಂಡನ್ನು ಸೇರಿದ ಈಕೆ, ಮ್ಯಾಂಚೆಸ್ಟರಿನಲ್ಲಿ ವ್ಯಾಸಂಗ ಮಾಡಿ 1954ರಲ್ಲಿ ಮಂಡ್ಯದ ಕಡೆಗೆ ಬಂದರು. ಎ. ಪಿ. ಸೂರ್ಯನಾರಾಯಣರ ಸಹಾಯದಿಂದ 1956ರವರೆಗೆ ಎರಡು ಹಳ್ಳಿಗಳ ಬಾಳನ್ನು ಒಳಗಿನಿಂದ ನೋಡಿದರು. ಆಶ್ರಯವಿತ್ತವರ ಮನೆಮಾತು ಬೀದಿಪಾಲಾಗದಂತೆ ಆ ಊರುಗಳಿಗೆ ವಂಗಲ, ದಾಲೇನ ಎಂಬ ಕಲ್ಪಿತ ಹೆಸರುಗಳನ್ನಿತ್ತರು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಂಗಿದ್ದ ಎಂ. ಎನ್. ಶ್ರೀನಿವಾಸರೂ ತಮ್ಮ ಊರನ್ನು ‘ರಾಂಪುರ’ವೆಂದೇ ಕರೆದುದುಂಟು.

ವಂಗಲಕ್ಕೆ ನಾಲೆಯ ನೀರು ದೊರೆಯಿತು. ಎತ್ತರದ ನೆಲದ ದಾಲೇನಕ್ಕೆ ದೊರೆಯಲಿಲ್ಲ. ನೀರು ಕಂಡ ಊರೇ ಹೆಚ್ಚು ಮಾರ್ಪಟ್ಟಿರಬೇಕೆಂದು ಯಾರಾದರೂ ಊಹಿಸಿಯಾರು. ಎಪ್‌ಸ್ಟೈನ್ ಅವರು ಕಂಡುದು ಇದಕ್ಕೆ ವಿಪರೀತ. ವಂಗಲದವರು ಕಬ್ಬು, ಭತ್ತ ಬೆಳೆದು ಸಿರಿವಂತರಾದರೂ ಬೇಸಾಯಗಾರರಾಗಿಯೇ ಉಳಿದರು. ಊರಿನ ಹಳೆಯ ಕಟ್ಟುಪಾಡುಗಳೂ ಉಳಿದವು. ದಾಲೇನದವರಾದರೋ ಹೊರಗೆ ಕಣ್ಣುಹಾಯಿಸಲೇಬೇಕಾಯಿತು. ನೆರೆಯೂರುಗಳಲ್ಲಿ ಗದ್ದೆ ಕೊಂಡರು, ಕಾರ್ಖಾನೆಯಲ್ಲಿ ಕೆಲಸ ಹಿಡಿದರು, ವ್ಯಾಪಾರಕ್ಕಿಳಿದರು. ಅಲ್ಲಿ ಹಳೆಯ ಕಟ್ಟು ಬೇಗನೆ ಸಡಿಲಿತು. 1962ರ ಅವರ ಗ್ರಂಥದ ತಿರುಳು ಇದು.

ಆ ಕಟ್ಟಿನಲ್ಲಿ ಮುಖ್ಯವಾದುದು ಒಕ್ಕಲಿಗನಿಗೂ ಅವನ ಹಳೇಮಗನಾದ ಆದಿಕರ್ನಾಟಕ ಕೂಲಿಯವನಿಗೂ ವಂಶಪಾರಂಪರ್ಯವಾಗಿ ಬಂದ ಸಂಬಂಧ. ಸುಗ್ಗಿಯಲ್ಲಿ ಕೂಲಿಯವನಿಗೆ ಸಲ್ಲುವ ಧಾನ್ಯ ಮೊದಲೇ ಗೊತ್ತಾದುದು. ಬೆಳೆ ಹೆಚ್ಚಲಿ ಕುಗ್ಗಲಿ, ಅದು ಬದಲಾಗದು. ಸಮೃದ್ಧಿಯ ವರ್ಷ ಮಿಕ್ಕುದೆಲ್ಲ ಒಡೆಯನಿಗೆ. ಬರಗಾಲದಲ್ಲಿ ಮಾತ್ರ ಒಡೆಯನ ಪಾಲಿಗೂ ಆಳಿನ ಪಾಲಿಗೂ ಅಂತರ ಬಹಳ ಉಳಿಯದು. ಈ ಏರ್ಪಾಡಿನಲ್ಲಿ ಅಸ್ಪೃಶ್ಯತೆಯ ಅವಮಾನವಿದ್ದಿತು, ಏಳ್ಗೆಗೆ ದಾರಿಯಿರಲಿಲ್ಲ. ಆದರೂ ಕೆಟ್ಟ ಕಾಲಕ್ಕೆ ಒಂದು ಹಿಡಿ ರಾಗಿಯ ಭರವಸೆಯಿದ್ದಿತು. ದಿನಗೂಲಿಯ ಹಣವು ಬಂದಲ್ಲಿ ಆಳು ಆ ಬಂಧನದಿಂದ ಬಿಡುಗಡೆ ಹೊಂದಿದನು. ಆ ಭರವಸೆಯನ್ನೂ ಕಳೆದುಕೊಂಡನು.

ಎಪ್‌ಸ್ಟೈನ್ ಅವರು 1970ರಲ್ಲಿ ಮತ್ತೆ ಬಂದರು. ಊರು ಬೆಳೆದಿದ್ದಿತು, ಉಳ್ಳವರಿಗೂ ಇಲ್ಲದವರಿಗೂ ನಡುವಣ ಅಂತರವೂ ಬೆಳೆದಿದ್ದಿತು. 1973ರ ಗ್ರಂಥದಲ್ಲಿ ಈ ಸಂಗತಿಯನ್ನು ಅವರು ಮರೆಮಾಚಲಿಲ್ಲ. ಹಬ್ಬಕ್ಕೆ ಬಂದ ನೆಂಟನು ಮನೆಯ ಮುಂಬಾಗಿಲನ್ನೇ ಕಂಡು ಹಿಂದಿರುಗುವನು. ಬರಗಾಲವನ್ನೂ ಸುಗ್ಗಿಯನ್ನೂ ಜೊತೆಯಲ್ಲಿ ಕಳೆದವನಿಗೆ ಹಿತ್ತಿಲೂ ತಿಳಿಯುವುದು. ಮಂಡ್ಯದ ಹಸುರಿನ ಇತಿಹಾಸದಲ್ಲಿ ಆ ಹಿತ್ತಿಲಿಗೂ ಸ್ಥಾನ ದೊರೆತುದು ಈ ವಾಸದ ಫಲ. 1998ರಲ್ಲಿ ಆ ಹಳ್ಳಿಗಳ 40 ವರ್ಷಗಳ ಮಾರ್ಪಾಟನ್ನು ಕುರಿತ ಗ್ರಂಥ ಹೊರಬಂದಾಗ, ಎಪ್‌ಸ್ಟೈನ್ ಅವರೊಡನೆ ಟಿ. ತಿಮ್ಮೇಗೌಡರ ಹೆಸರೂ, ಮೊದಲು ಸಹಾಯಕರಾಗಿದ್ದ ಸೂರ್ಯನಾರಾಯಣರ ಹೆಸರೂ ಗ್ರಂಥಕರ್ತರ ಸಾಲಿನಲ್ಲಿ ಸೇರಿದ್ದುವು.