ಹಾಲು ಇಳೀತಾ?

ಹೆರಿಗೆಯಾದ ಮನೆಗೆ ಬಂದ ಹಿರಿಯ ಹೆಂಗಸರು ಗಂಡೋ ಹೆಣ್ಣೋ ಎಂದು ವಿಚಾರಿಸಿದ ಮೇಲೆ ಬಾಣಂತಿಯ ಕಡೆ ತಿರುಗಿ ಕೇಳುವುದು ಇದನ್ನೇ: ‘ಹಾಲು ಇಳೀತಾ?’

‘ಇಳಿ’ ನಮ್ಮ ನಾಲಗೆಯ ಮೇಲೆ ಸದಾ ಇರುವ ಪದ. ಬಸ್ಸಿನಿಂದ ಇಳಿಯುತ್ತೇವೆ, ಜ್ವರ ಇಳಿಯುತ್ತದೆ, ಬೇಳೆಯ ಬೆಲೆ ಇಳಿದರೆ ಉಸಿರು ಬಿಡುತ್ತೇವೆ, ದುಃಖವಾದಾಗ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಆದರೆ ಬಸುರಿ ಬಾಣಂತಿಯರ ಮೈಯನ್ನು ಸುತ್ತಿಕೊಂಡಷ್ಟು ಈ ಪದ ಬೇರೇನನ್ನೂ ಸುತ್ತಿಕೊಂಡಿಲ್ಲ. ಒಂಬತ್ತು ತುಂಬಿದಾಗ ‘ಮಗು ಇನ್ನೂ ಕೆಳಗೆ ಇಳಿದಿಲ್ಲ’ ಎನ್ನುತ್ತಾರೆ. ಹೆರಿಗೆಯ ಮೇಲೆ ಹಾಲು ಇಳಿಯಬೇಕು, ಕಾಲಿನ ಊತ ಇಳಿಯಬೇಕು, ಹೊಟ್ಟೆ ಇಳಿಯಬೇಕು, ಮುಸ್ಸಂಜೆಗೆ ತಾಯಿ ಮಗುವಿನ ದೃಷ್ಟಿ ಇಳಿಸಬೇಕು. ಇಷ್ಟೆಲ್ಲ ಆಗಿ ವರ್ಷವೋ ಎರಡು ವರ್ಷವೋ ಕಳೆದ ಮೇಲೆ, ಸ್ನಾನದ ಮನೆಯಲ್ಲಿ ತನ್ನನ್ನೇ ನೋಡಿಕೊಂಡ ಹೆಂಗಸಿನ ಮನಸ್ಸಿಗೆ ಇದೇ ಪದ ಇನ್ನೊಮ್ಮೆ ಬರುತ್ತದೆ: ಎದೆ ಇಳಿದುಹೋಯಿತು. ಹಾಲಿಗೆ ಹರಕೆಯಾಗಿದ್ದ ಮಾತು ಎದೆಯ ವಿಷಯಕ್ಕೆ ಬಂದಾಗ ಯಾರಿಗೂ ಹೇಳಲಾಗದ ಸಂಕಟವಾಗುತ್ತದೆ. ಈ ಎರಡೂ ಕಡೆ ‘ಇಳಿ’ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸಿದೆ ಎಂದು ನನಗೆ ಅನ್ನಿಸುತ್ತದೆ.

ಮೊದಲು ಹಾಲಿನ ಮಾತು. ಮಳೆ ಮೋಡದಿಂದ ಇಳಿಯುವ ಹಾಗೆ ಹಾಲೂ ಹೆರಿಗೆಯ ನಂತರ ಎಲ್ಲಿಂದಲೋ ಬಂದು ಇಳಿಯುತ್ತದೆ ಎಂಬ ಭಾವನೆ ಈ ಪದದಲ್ಲಿದೆ. ಕೆಲಸ ಶುರುವಾಗಿರುವುದು ತಿಂಗಳುಗಟ್ಟಲೆ ಮುಂಚೆ. ಮುಟ್ಟು ನಿಂತ ಕೆಲವೇ ವಾರಗಳಲ್ಲಿ ಎಷ್ಟೋ ಹೆಂಗಸರಿಗೆ ರವಿಕೆ ತಾಗಿದರೂ ನೋವು. ಈಸ್ಟ್ರೋಜನ್ ಎದೆಯೊಳಗಿನ ಹಾಲಿನ ನಾಳಗಳನ್ನು ಕವಲೊಡೆಸುತ್ತಿರುತ್ತದೆ, ಪ್ರೊಜೆಸ್ಟರಾನ್ ಆ ಕವಲುಗಳ ತುದಿಯಲ್ಲಿ ಹಾಲು ತಯಾರಾಗುವ ಪುಟ್ಟ ಚೀಲಗಳನ್ನು ಬೆಳೆಸುತ್ತಿರುತ್ತದೆ. ರಕ್ತದ ಓಡಾಟ ಹೆಚ್ಚಿ ನೀಲಿ ನರಗಳು ಚರ್ಮದಡಿ ಎದ್ದು ಕಾಣುತ್ತವೆ. ತೊಟ್ಟು ಮತ್ತು ಅದರ ಸುತ್ತಲಿನ ವೃತ್ತ ಕಪ್ಪಾಗುತ್ತವೆ. ಕಾಳಿದಾಸ ರಘುವಂಶದ ಮೂರನೆಯ ಸರ್ಗದಲ್ಲಿ ಬಸುರಿ ಸುದಕ್ಷಿಣೆಯನ್ನು ವರ್ಣಿಸುವಾಗ ಈ ಕಪ್ಪನ್ನು ಚೆಲುವೆಂದೇ ಕಂಡಿದ್ದಾನೆ. ವೃತ್ತದ ಮೇಲೆ ಸಣ್ಣ ಗುಳ್ಳೆಗಳೂ ಏಳುತ್ತವೆ. ಐರ್ಲೆಂಡಿನ ಹೆರಿಗೆ ವೈದ್ಯ ಮಾಂಟ್‌ಗೊಮರಿ 1837ರಲ್ಲಿ ಇವುಗಳ ಬಗ್ಗೆ ವಿವರವಾಗಿ ಬರೆದದ್ದರಿಂದ ಅವರ ಹೆಸರೇ ಇವಕ್ಕೆ ಉಳಿದಿದೆ. ಗುಳ್ಳೆಗಳಿಂದ ಜಿನುಗುವ ಎಣ್ಣೆಯಂಶ ಚರ್ಮವನ್ನು ಮೆತ್ತಗಿಡುತ್ತದೆ, ಅದರ ವಾಸನೆ ಹಸುಗೂಸನ್ನು ತೊಟ್ಟಿನ ಕಡೆಗೆ ಸೆಳೆಯುತ್ತದೆ. ಕಪ್ಪು ಹೋಗಲೆಂದು ಅಲ್ಲಿಗೆ ಸೋಪು ಹಾಕಿ ಉಜ್ಜುವ ಹುಡುಗಿಯರಿಗೆ ಇದನ್ನು ಯಾರಾದರೂ ಕೂರಿಸಿಕೊಂಡು ಹೇಳಬೇಕು.

ಬಸಿರಿನ ಅರ್ಧ ದಾರಿಗೇ ಎದೆ ಹಾಲು ಮಾಡಲು ತಯಾರಾಗಿರುತ್ತದೆ. ತಡೆ ಹಿಡಿದಿರುವುದು ಮಾಸಿನಿಂದ ಬರುವ ಪ್ರೊಜೆಸ್ಟರಾನ್. ಮಾಸು ಬಿದ್ದ ಮೇಲೆ ಆ ತಡೆ ತೆಗೆದಂತಾಗಿ, ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನದೊಳಗೆ ಎದೆ ತುಂಬಿ ಬಿಗಿಯುತ್ತದೆ. ನಮ್ಮವರು ‘ಹಾಲು ಇಳಿಯಿತು’ ಎನ್ನುವುದು ಇದನ್ನೇ. ಗಡಿಬಿಡಿ ಆಗುವುದು ಅದಕ್ಕೂ ಮುಂಚಿನ ದಿನಗಳಲ್ಲಿ. ಮಗು ಅಳುತ್ತದೆ, ಎದೆ ಮೆತ್ತಗಿದೆ, ‘ಹಾಲೇ ಇಳಿದಿಲ್ಲ’ ಎಂದು ಮನೆಯವರು ತೀರ್ಮಾನಿಸುತ್ತಾರೆ. ಯಾರೋ ಸಕ್ಕರೆ ನೀರು ತರುತ್ತಾರೆ, ಯಾರೋ ಜೇನು ನೆಕ್ಕಿಸುತ್ತಾರೆ. ಒಂದು ವರ್ಷದೊಳಗಿನ ಕೂಸಿಗೆ ಜೇನು ಅಪಾಯ.

ಬಾಣಂತಿಯರ ವಾರ್ಡಿನಲ್ಲಿ ಒಬ್ಬ ಹಿರಿಯ ನರ್ಸ್ ಹೀಗೆ ಅಳುತ್ತ ಕೂತಿದ್ದ ಚೊಚ್ಚಲ ಬಾಣಂತಿಯ ಬಳಿ ಬಂದು, ಅವಳ ಕೈಯನ್ನೇ ಹಿಡಿದು ಎದೆಯ ಮೇಲಿಟ್ಟು ಮೆಲ್ಲಗೆ ಒತ್ತಿಸಿದ್ದನ್ನು ನಾನು ನೋಡಿದ್ದೇನೆ. ತೊಟ್ಟಿನ ತುದಿಯಲ್ಲಿ ಹಳದಿ ಬಣ್ಣದ, ಅಂಟಂಟಾದ ಒಂದೇ ಒಂದು ಹನಿ ಬಂದು ನಿಂತಿತು. ‘ನೋಡವ್ವಾ, ಇದೇ ಹಾಲು. ಇವತ್ತಿಗೆ ನಿನ್ನ ಕೂಸಿಗೆ ಇಷ್ಟಿಷ್ಟೇ ಸಾಕು. ಕೇಳಿದಾಗೆಲ್ಲ ಕೊಡು.’ ಹುಡುಗಿ ಆ ಹನಿಯನ್ನು ಎಷ್ಟು ಹೊತ್ತು ನೋಡಿದಳೆಂದರೆ ನರ್ಸೇ ಮಗುವನ್ನು ಎತ್ತಿ ಹಚ್ಚಬೇಕಾಯಿತು.

ಆ ಹಳದಿ ಹನಿಗೆ ನಮ್ಮಲ್ಲಿ ಒಳ್ಳೆಯ ಪದವೇ ಇದೆ, ಗಿಣ್ಣು. ಹಸು ಕರು ಹಾಕಿದರೆ ಗಿಣ್ಣುಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ನೆರೆಮನೆಗೂ ಕೊಟ್ಟು ತಿನ್ನುವ ಜನ ನಾವು. ಹೆಣ್ಣಿನ ಗಿಣ್ಣನ್ನು ಮಾತ್ರ ಎಷ್ಟೋ ಮನೆಗಳಲ್ಲಿ ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿಸಿದರು. ರೋಗ ತಡೆಯುವ ಅಂಶಗಳು ದಟ್ಟವಾಗಿರುವುದು ಆ ಹಾಲಿನಲ್ಲೇ. ಹುಟ್ಟಿದ ಒಂದು ಗಂಟೆಯೊಳಗೆ ಮಗುವಿಗೆ ಎದೆ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅದಕ್ಕೇ. ನೆಂಟರು ಕೇಳುವ ‘ಇಳೀತಾ’ ಎಂಬ ಪ್ರಶ್ನೆಯಲ್ಲಿ ಈ ಗಿಣ್ಣು ಲೆಕ್ಕಕ್ಕೇ ಬರುವುದಿಲ್ಲ.

ಇಳಿ ಎಂಬ ಪದ ನಿಜಕ್ಕೂ ಒಪ್ಪುವ ಗಳಿಗೆ ಬೇರೆ ಇದೆ. ಮಗು ಚೀಪಲು ಶುರುಮಾಡಿದ ಸ್ವಲ್ಪ ಹೊತ್ತಿಗೆ ಆಕ್ಸಿಟೋಸಿನ್ ಆ ಪುಟ್ಟ ಚೀಲಗಳನ್ನು ಹಿಂಡುತ್ತದೆ, ಎದೆಯಲ್ಲಿ ಜುಮ್ಮೆಂದು ಹಾಲು ಧಾರೆಯಾಗುತ್ತದೆ. ಪಕ್ಕದ ಕೋಣೆಯಲ್ಲಿ ಮಗು ಅತ್ತರೆ ಸಾಕು, ರವಿಕೆ ಒದ್ದೆ. ಹೆದರಿಕೆ, ನೋವು, ಜಗಳ ಇದ್ದಾಗ ಅದೇ ಧಾರೆ ತಡೆಯುತ್ತದೆ. ಬಾಣಂತಿಯನ್ನು ನೋಯಿಸಬೇಡಿ ಎಂಬ ಅಜ್ಜಿಯರ ಮಾತಿಗೆ ಇಲ್ಲಿ ಗಟ್ಟಿ ಆಧಾರವಿದೆ.

ಇನ್ನು ಆ ಎರಡನೆಯ ಇಳಿತ. ‘ಕುಡಿಸಿ ಕುಡಿಸಿ ಎದೆ ಇಳಿಬಿತ್ತು’ ಎಂಬ ಮಾತು ಹಳ್ಳಿಯಲ್ಲೂ ಇದೆ, ‘ಶೇಪ್ ಹೋಗುತ್ತೆ’ ಎಂದು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಇದೆ. ಈ ಹೆದರಿಕೆಯಿಂದ ಬೇಗ ಬಾಟಲಿ ಹಿಡಿದವರಿದ್ದಾರೆ. ಆದರೆ ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಪ್ಲಾಸ್ಟಿಕ್ ಸರ್ಜನ್‌ಗಳು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಲೂಡಿಸಿದ್ದಕ್ಕೂ ಎದೆ ಇಳಿಬೀಳುವುದಕ್ಕೂ ನಂಟು ಕಾಣಲಿಲ್ಲ. ನಂಟು ಕಂಡದ್ದು ವಯಸ್ಸಿಗೆ, ಮೈತೂಕಕ್ಕೆ, ಎಷ್ಟು ಬಸಿರಾಯಿತೆಂಬುದಕ್ಕೆ, ಮೊದಲೇ ಎದೆ ಎಷ್ಟು ದೊಡ್ಡದಿತ್ತೆಂಬುದಕ್ಕೆ, ಸಿಗರೇಟಿಗೆ. ಯೋಚಿಸಿದರೆ ಅರ್ಥವಾಗುತ್ತದೆ. ಹಾಲಿನ ಗ್ರಂಥಿಗಳು ಹಿಗ್ಗಿ, ಚರ್ಮವೂ ಒಳಗಿನ ಆಧಾರದ ಎಳೆಗಳೂ ಸಡಿಲವಾಗುವುದು ಬಸುರಿನಲ್ಲೇ. ಹಾಲು ನಿಂತ ಮೇಲೆ ಗ್ರಂಥಿಗಳು ಕುಗ್ಗುತ್ತವೆ, ಹಿಗ್ಗಿದ ಚರ್ಮ ಅಷ್ಟೇ ಬೇಗ ಕುಗ್ಗುವುದಿಲ್ಲ. ಕುಡಿಸಿದವಳಿಗೂ ಕುಡಿಸದವಳಿಗೂ ಇದು ಆಗುತ್ತದೆ. ಅಂದರೆ ನಾವು ಇಷ್ಟು ಕಾಲ ಕೂಸಿನ ಬಾಯಿಯ ಮೇಲೆ ಸುಳ್ಳು ಆರೋಪ ಹೊರಿಸಿದ್ದೇವೆ. ಕುಡಿಸಿದ್ದರಿಂದ ತಾಯಿಗೇ ಲಾಭವಿದೆ. 30 ದೇಶಗಳ 47 ಅಧ್ಯಯನಗಳನ್ನು ಒಟ್ಟುಗೂಡಿಸಿ ‘ಲ್ಯಾನ್ಸೆಟ್’ ಪತ್ರಿಕೆ 2002ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಹಾಲೂಡಿಸಿದ ಪ್ರತಿ 12 ತಿಂಗಳಿಗೆ ಸ್ತನ ಕ್ಯಾನ್ಸರಿನ ಅಪಾಯ ಶೇ. 4.3ರಷ್ಟು ತಗ್ಗುತ್ತದೆ.

ಇಷ್ಟು ಬರೆಯುವಾಗಲೂ ‘ಎದೆ’ ಎಂದೇ ಬರೆದಿದ್ದೇನೆ, ಪತ್ರಿಕೆಗೆ ಅದೇ ರೂಢಿ. ಗೋವಿನ ಹಾಡಿನ ಕರು ತಾಯಿಯನ್ನು ಕೇಳುವ ಪ್ರಶ್ನೆಯಲ್ಲಿ ‘ಮೊಲೆ’ ಎಂಬ ಪದ ನೇರವಾಗಿ ಇದೆ. ಅದನ್ನು ಹಾಡಿಯೇ ನಾವೆಲ್ಲ ಬೆಳೆದದ್ದು, ಯಾರಿಗೂ ನಾಚಿಕೆಯಾಗಲಿಲ್ಲ. ಮೊಲೆ ಬಿಡಿಸುವುದು, ಮೊಲೆಹಾಲು, ಮೊಲೆಗೂಸು ಎಲ್ಲವೂ ಬಾಣಂತಿ ಕೋಣೆಯ ಪದಗಳೇ. ಡಾಕ್ಟರ ಮುಂದೆ ಗಂಟು, ಬಾವು ಎಂದು ಬಾಯಿಬಿಟ್ಟು ಹೇಳಬೇಕಾದಾಗ ಅವು ಕೈಗೆ ಸಿಗುವ ಹಾಗಿರಲಿ.

ಮಗು ಬಿಟ್ಟ ಮೇಲೆ ಹಾಲಿಗೆ ನಾವು ‘ಇಳಿ’ ಎನ್ನುವುದಿಲ್ಲ, ‘ಇಂಗಿತು’ ಎನ್ನುತ್ತೇವೆ. ಅದು ಕರಾರುವಾಕ್ಕಾದ ಪದ. ಉಳಿದ ಹಾಲನ್ನು ಮೈ ತಾನೇ ಹೀರಿಕೊಳ್ಳುತ್ತದೆ. ಹಾಲು ಇಂಗಲೆಂದು ಎದೆಗೆ ಮಲ್ಲಿಗೆಯ ದಂಡೆ ಕಟ್ಟುವ ವಾಡಿಕೆ ದಕ್ಷಿಣ ಭಾರತದಲ್ಲಿದೆ. ವೆಲ್ಲೂರಿನ ವೈದ್ಯರು ಅದನ್ನು ಹಾಲು ನಿಲ್ಲಿಸುವ ಮಾತ್ರೆಯೊಂದಿಗೆ ಹೋಲಿಸಿ ನೋಡಿ, ಹೂವೂ ಕೆಲಸ ಮಾಡುತ್ತದೆಂದು 1988ರಲ್ಲಿ ಬರೆದರು. ಇಂಗಿದ ಎದೆ ಮೊದಲಿನ ಸ್ಥಿತಿಗೆ ಪೂರ್ತಿ ಮರಳುವುದಿಲ್ಲ. ಕಪ್ಪು ತಿಳಿಯಾಗಬಹುದು, ಹಿಗ್ಗಿದ ಗೆರೆಗಳು ಬೆಳ್ಳಗಾಗಿ ಉಳಿಯುತ್ತವೆ. ಎರಡನೆಯ ಸಲ ಬಸಿರಾದರೆ ಎದೆಗೆ ಕೆಲಸ ಗೊತ್ತಿರುತ್ತದೆ. ಚೊಚ್ಚಲಿಗಿಂತ ಸಾಮಾನ್ಯವಾಗಿ ಬೇಗನೇ ಹಾಲು ತುಂಬಿಕೊಳ್ಳುತ್ತದೆ.