ಕೂಲಿಮಠದ ಮಗ್ಗಿ

ಮದರಾಸಿನ ಗವರ್ನರಾಗಿದ್ದ ಸರ್ ತಾಮಸ್ ಮನ್ರೋ ೧೮೨೨ರಲ್ಲಿ ಆ ಪ್ರಾಂತದ ದೇಶೀಯ ಪಾಠಶಾಲೆಗಳ ವಿವರವನ್ನು ಕಳುಹಿಸುವಂತೆ ಕಲೆಕ್ಟರುಗಳಿಗೆ ಆಜ್ಞಾಪಿಸಿದನು. ಬಂದ ಉತ್ತರಗಳಲ್ಲಿ ಹಲವು ಬರಿಯ ಅಂಕಿಗಳ ಪಟ್ಟಿಗಳು. ಬಳ್ಳಾರಿಯ ಕಲೆಕ್ಟರು ಎ. ಡಿ. ಕ್ಯಾಂಬೆಲ್ಲನು ೧೮೨೩ನೆಯ ಆಗಸ್ಟಿನಲ್ಲಿ ಬರೆದ ವರದಿಯಾದರೋ ಶಾಲೆಯ ಒಳಹೊಕ್ಕು ನೋಡುತ್ತದೆ. ತೆಲುಗು ವ್ಯಾಕರಣವನ್ನು ರಚಿಸಿದ್ದ ಈತನಿಗೆ ದೇಶಭಾಷೆಗಳಲ್ಲಿದ್ದ ಆದರವು ಇದಕ್ಕೆ ಕಾರಣವಾಗಿರಬಹುದು.

ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ೫೩೩ ಶಾಲೆಗಳಿದ್ದುವು. ಅವುಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬. ವಿದ್ಯಾರ್ಥಿಗಳು ೬,೬೪೧, ಹೆಣ್ಣುಮಕ್ಕಳು ೬೦ ಮಂದಿ ಮಾತ್ರ. ಜನಸಂಖ್ಯೆ ಒಂಬತ್ತು ಲಕ್ಷವನ್ನು ಮೀರಿದ್ದ ಸೀಮೆಯಲ್ಲಿ ಸಾವಿರಕ್ಕೆ ಸುಮಾರು ಏಳು ಮಂದಿ ಶಾಲೆಯಲ್ಲಿದ್ದರೆಂದಾಯಿತು. ಕೂಲಿಮಠವನ್ನು ಹೊಗಳುವವರು ಈ ಅಂಕಿಗಳನ್ನು ಮರೆಯತಕ್ಕುದಲ್ಲ.

ಮಗುವು ಮೊದಲು ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದಿತು. ಬಳಿಕ ಇದ್ದಲಪುಡಿ ಬಳಿದ ಹಲಗೆ. ಇಲ್ಲವೆ ಬಟ್ಟೆಯನ್ನು ಗಂಜಿಯಿಂದ ಬಿಗಿಮಾಡಿ, ಮಡಿಸಿ, ಇದ್ದಲನ್ನೂ ಅಂಟನ್ನೂ ಲೇಪಿಸಿದ ಕಡತ. ಬರೆಯುವುದು ಬಳಪದಿಂದ, ಒರಸುವುದು ಒದ್ದೆಬಟ್ಟೆಯಿಂದ. ದಿನಕ್ಕೆ ಎರಡು ಬಾರಿ ಮಕ್ಕಳೆಲ್ಲರೂ ಸಾಲಾಗಿ ನಿಂತು, ಹಿರಿಯ ಹುಡುಗನೊಬ್ಬನು ಹೇಳಿಕೊಟ್ಟಂತೆ ಕೂಡುವ, ಗುಣಿಸುವ ಮಗ್ಗಿಗಳನ್ನೂ ಅಳತೆ ತೂಕಗಳ ಕೋಷ್ಟಕಗಳನ್ನೂ ಭಿನ್ನಗಳನ್ನೂ ಒಪ್ಪಿಸಬೇಕಾಗಿದ್ದಿತು. ಈ ಭಿನ್ನಗಳು ಹತ್ತು ಹತ್ತಾಗಿ ಇಳಿಯದೆ ನಾಲ್ಕು ನಾಲ್ಕಾಗಿ ಇಳಿಯುತ್ತಿದ್ದುವೆಂಬುದನ್ನು ಕ್ಯಾಂಬೆಲ್ಲನು ವಿಶೇಷವಾಗಿ ಗುರುತಿಸಿದ್ದಾನೆ.

ಆ ಕ್ರಮವು ಕನ್ನಡದ ಶಬ್ದಗಳಲ್ಲಿಯೇ ನೆಲೆಸಿದೆ. ಒಂದರ ನಾಲ್ಕನೆಯ ಪಾಲು ಕಾಲು. ಕಾಲಿನ ನಾಲ್ಕನೆಯ ಪಾಲು ವೀಸ. ವೀಸದ ನಾಲ್ಕನೆಯ ಪಾಲು ಕಾಣಿ. ನಡುನಡುವೆ ಅರೆ, ಅರೆಕಾಲು, ಅರೆವೀಸಗಳು. ಪೇಟೆಯಲ್ಲಿಯೂ ಇದೇ ಲೆಕ್ಕ: ಹಣದ ಕಾಲು ಹಾಗ, ಹಾಗದ ಕಾಲು ವೀಸ, ಸೇರಿನ ಕಾಲು ಪಾವು, ಪಾವಿನ ಕಾಲು ಚಟಾಕು. ಮುಂದೆ ಬಳಕೆಗೆ ಬಂದ ರೂಪಾಯಿಗೂ ಹದಿನಾರೇ ಆಣೆ. ತಕ್ಕಡಿಯಲ್ಲಿಟ್ಟ ಧಾನ್ಯವನ್ನು ಎರಡು ಸಮಪಾಲು ಮಾಡುವುದು ಸುಲಭ; ಅರೆಯನ್ನು ಮರಳಿ ಅರೆಮಾಡಿದರೆ ಕಾಲು. ಹತ್ತು ಪಾಲು ಮಾಡುವುದು ಕಣ್ಣಿಗೂ ಕೈಗೂ ಕಷ್ಟ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ತನ್ನ ಕನ್ನಡ ಗ್ರಂಥವೊಂದಕ್ಕೆ ‘ವ್ಯವಹಾರಗಣಿತ’ವೆಂದು ಹೆಸರಿಟ್ಟುದನ್ನು ನೋಡಿದರೆ, ಲೆಕ್ಕಕ್ಕೂ ಪೇಟೆಗೂ ಇದ್ದ ನಂಟು ಕನ್ನಡನಾಡಿನಲ್ಲಿ ಹಳೆಯದೆಂದು ತಿಳಿಯುತ್ತದೆ.

ಸಾಹಿತ್ಯಪಾಠದ ವಿಷಯದಲ್ಲಿ ಅದೇ ವರದಿಯು ಕಠಿನವಾಗಿದೆ. ಕಾವ್ಯದ ಭಾಷೆ ಆಡುನುಡಿಗೆ ದೂರವಾದುದು. ಅರ್ಥ ಹೇಳಬಲ್ಲ ಉಪಾಧ್ಯಾಯರು ವಿರಳ. ಮಕ್ಕಳು ಗಿಳಿಗಳಂತೆ ಒಪ್ಪಿಸುವರು ಎಂಬುದು ಅದರ ದೂರು. ಇದೇ ದೂರನ್ನು ಮಗ್ಗಿಗೂ ಹೊರಿಸಿ ಕೂಲಿಮಠದ ವಿದ್ಯೆಯೆಲ್ಲವೂ ಬಾಯಿಪಾಠವೆನ್ನುವುದುಂಟು. ಇದು ಯುಕ್ತವಲ್ಲ. ಅರಿಯದೆ ಕಲಿತ ಪದ್ಯದ ಅರ್ಥವು ಮಗುವಿಗೆ ಮಠದ ಹೊರಗೆ ದೊರೆಯುವುದು ಅಪರೂಪ. ವೀಸದ ಮಗ್ಗಿಯಲ್ಲಿ ತಪ್ಪಿದರೆ ಅದು ಅಂಗಡಿಯ ಕಟ್ಟೆಯ ಮೇಲೆಯೇ ಹೊರಬೀಳುತ್ತಿದ್ದಿತು. ಎರಡಕ್ಕೂ ರಾಗವೊಂದೇ ಆದ ಮಾತ್ರಕ್ಕೆ ಕಲಿಕೆಯೂ ಒಂದೇ ಆಗದು.

೧೯೫೭ನೆಯ ಏಪ್ರಿಲ್ ೧ರಂದು ದಶಮಾಂಶ ನಾಣ್ಯಗಳೂ, ೧೯೫೮ರಿಂದ ಕ್ರಮಕ್ರಮವಾಗಿ ಮೆಟ್ರಿಕ್ ತೂಕಗಳೂ ಜಾರಿಗೆ ಬಂದುವು. ಹೊಸ ಲೆಕ್ಕ ಸರಳವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಲ್ಲಿಂದ ಮುಂದೆ ಹಳೆಯ ಮಗ್ಗಿಯನ್ನು ಒಪ್ಪಿಸಿದ ಮಗುವಿಗೆ ಅದನ್ನು ಒರೆಹಚ್ಚುವ ಅಂಗಡಿ ಇಲ್ಲವಾಯಿತು. ಕಾಲು, ಅರೆ, ಮುಕ್ಕಾಲುಗಳು ಮಾತಿನಲ್ಲಿ ಉಳಿದುವು. ವೀಸ, ಕಾಣಿಗಳು ನಿಘಂಟನ್ನು ಸೇರಿದುವು.