ಸಕ್ಕರೆ ಅಚ್ಚಿನ ಸಮುದ್ರಯಾನ

ಸಂಕ್ರಾಂತಿಯ ತಟ್ಟೆಯಲ್ಲಿ ಎಳ್ಳುಬೆಲ್ಲದ ಪಕ್ಕದಲ್ಲಿ ಕೂತ ಸಕ್ಕರೆ ಅಚ್ಚಿಗೂ ಒಂದು ಇತಿಹಾಸವೇ ಎಂದು ವಾಚಕರು ಕೇಳಬಹುದು. ಉಂಟು, ಅದೂ ಅರ್ಧ ಭೂಗೋಳವನ್ನು ಸುತ್ತಿದ ಇತಿಹಾಸ.

ಸಕಲೇಶಪುರದ ಕಡೆಯ ನಮ್ಮ ಹಾನುಬಾಳು ಕಾಫಿ, ಏಲಕ್ಕಿಗಳ ಊರು, ಕಬ್ಬಿನ ಊರಲ್ಲ. ಆದರೂ ಹಬ್ಬ ಸಮೀಪಿಸಿತೆಂದರೆ ನಮ್ಮ ಮನೆಯಲ್ಲಿ ಮರದ ಅಚ್ಚುಗಳನ್ನು ನೀರಿಗೆ ಹಾಕುತ್ತಿದ್ದರು. ಸಕ್ಕರೆಯನ್ನು ಕುದಿಸಿ, ಹಾಲು ಬಿಟ್ಟು ಕೊಳೆ ತೆಗೆದು, ಸೋಸಿ, ಮತ್ತೆ ಪಾಕಕ್ಕೆ ತಂದು ನೆನೆದ ಅಚ್ಚಿಗೆ ಹುಯ್ದರೆ ಗಿಳಿ, ಆನೆ, ತುಳಸಿಕಟ್ಟೆಗಳು ಬೆಳ್ಳಗೆ ಮೂಡುತ್ತಿದ್ದವು.

ದೂರದ ಮೆಕ್ಸಿಕೋ ದೇಶದಲ್ಲಿಯೂ ಈ ಕಸುಬು ಇದೆ. ನಮ್ಮ ಮಹಾಲಯದ ಹಾಗೆ ಅಗಲಿದ ಹಿರಿಯರನ್ನು ನೆನೆಯುವ ಹಬ್ಬ ಅಲ್ಲಿ ನವೆಂಬರ್ 1 ಮತ್ತು 2ರಂದು. ತೊಲೂಕಾ ನಗರದವರು ಪಾಕವನ್ನು ಮಣ್ಣಿನ ಅಚ್ಚಿಗೆ ಹುಯ್ದು ತಲೆಬುರುಡೆಗಳನ್ನು ಮಾಡುತ್ತಾರೆ. ಸಕ್ಕರೆಯ ಕಣಕದಿಂದ ಕುರಿಮರಿಗಳನ್ನು ತಿದ್ದುತ್ತಾರೆ. ಇವಕ್ಕೆ ‘ಆಲ್ಫೆನೀಕೆ’ ಎಂದು ಹೆಸರು. ಆ ಹೆಸರಿನ ಜಾಡು ಹಿಡಿದು ಹೊರಟರೆ ಅರಬ್ಬಿಯ ‘ಫಾನೀದ್’, ಪಾರಸಿಯ ‘ಪಾನೀದ್’ಗಳನ್ನು ದಾಟಿ ಸಂಸ್ಕೃತದ ‘ಫಾಣಿತ’ಕ್ಕೆ ಬಂದು ನಿಲ್ಲುತ್ತೇವೆ. ಫಾಣಿತವೆಂದರೆ ಹೆಚ್ಚುಕಡಿಮೆ ನಮ್ಮ ಜೋನಿಬೆಲ್ಲವೇ. ಮೈಸೂರಿನ ಓಲೆಗರಿಗಳಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬೆಲ್ಲ, ಖಂಡ, ಶರ್ಕರೆಗಳ ಸಾಲಿನಲ್ಲಿ ಫಾಣಿತವೂ ಇದೆ.

ಈ ವಿದ್ಯೆ ಅರಬರಿಂದ ಸ್ಪೇನಿಗೆ ಹೋಯಿತು. 1493ರಲ್ಲಿ ಕೊಲಂಬಸನು ತನ್ನ ಎರಡನೆಯ ಯಾನದಲ್ಲಿ ಕಬ್ಬನ್ನು ಅಟ್ಲಾಂಟಿಕ್ ದಾಟಿಸಿದನು. 1521ರಲ್ಲಿ ಮೆಕ್ಸಿಕೋವನ್ನು ಗೆದ್ದ ಕೋರ್ತೇಸನು ಅಲ್ಲಿ ಆಲೆಮನೆಗಳನ್ನು ಹೂಡಿದನು. ಆ ಗಾಣಗಳಲ್ಲಿ ಮೈಮುರಿದು ದುಡಿದವರು ಆ ನೆಲದ ಮೂಲ ಜನರು ಮತ್ತು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಸಿಹಿಯ ಚರಿತ್ರೆಯನ್ನು ಹೇಳುವವರು ಈ ಕಹಿಯನ್ನು ಬಿಡುವಂತಿಲ್ಲ.

ಇತ್ತ ನಮ್ಮ ಎಳ್ಳುಬೆಲ್ಲದಲ್ಲಿರುವ ಕಡಲೆಕಾಯಿ ಬೀಜ ದಕ್ಷಿಣ ಅಮೆರಿಕದ ಸಂತಾನ. ಯುರೋಪಿನ ಹಡಗುಗಳು ಆ ಖಂಡವನ್ನು ಮುಟ್ಟಿದ ಮೇಲೆ ನಮ್ಮತ್ತ ಬಂದದ್ದು. ಅದನ್ನೇ ಪಾಕದಲ್ಲಿ ಕಟ್ಟಿ ಮೆಕ್ಸಿಕೋದವರು ‘ಪಲಾಂಕೇತ’ ಎನ್ನುತ್ತಾರೆ, ನಾವು ಕಡಲೆಮಿಠಾಯಿ ಎನ್ನುತ್ತೇವೆ. ಒಂದೇ ತಟ್ಟೆಯಲ್ಲಿ ಹೋದದ್ದೂ ಬಂದದ್ದೂ ಕೂಡಿವೆ.

ತೊಲೂಕಾದಲ್ಲಿ ಆಲ್ಫೆನೀಕೆಗಾಗಿಯೇ ವರ್ಷಕ್ಕೊಮ್ಮೆ ಜಾತ್ರೆ ಸೇರುತ್ತದೆ. ನಮ್ಮಲ್ಲಿ ಅಂಗಡಿಯ ಪೊಟ್ಟಣದಿಂದ ಅಚ್ಚು ತಂದು ಬೀರುವವರೇ ಹೆಚ್ಚುತ್ತಿದ್ದಾರೆ. ಮರದ ಅಚ್ಚೂ, ಪಾಕದ ಹದ ಬಲ್ಲ ಹಿರಿಯರೂ ಇನ್ನೂ ಇರುವ ಮನೆಗಳಲ್ಲಿ ಬರುವ ಸಂಕ್ರಾಂತಿಗೆ ಮಕ್ಕಳನ್ನು ಒಲೆಯ ಬಳಿಗೆ ಕರೆಯುವುದು ಲೇಸು. ಆ ಹದ ಓದಿ ಬರುವಂಥದಲ್ಲ, ಪಕ್ಕದಲ್ಲಿ ನಿಂತು ನೋಡಿ ಬರಬೇಕು.